ಒಡೆಯದ ನಿಂಬೆಹಣ್ಣು

"ಕೇಳ್ರಪ್ಪೋ ಕೇಳ್ರಿ! ಅರಮನೆಯ ಕಾರನ್ನು ಕಟ್ಟಿಹಾಕಿದವರು ಯಾರೆಂದು ಮಹಾರಾಜರು ಮೂರು ಒಗಟು ಕೇಳುತ್ತಾರೆ. ಮೂರನ್ನೂ ಬಿಡಿಸಿ ಕಾರು ಓಡಿಸಿದವರಿಗೆ ಬೇಡಿದ್ದು ಸಿಗುತ್ತದೆ. ತಪ್ಪು ಹೇಳಿದವರ ತಲೆ ಹೋಗುತ್ತದೆ. ಯಾರೂ ಬಿಡಿಸದೆ ಹೋದರೆ ನಾಳೆ ದಶಮಿಯ ಸಂಜೆ ಡ್ರೈವರ್ ತಮ್ಮಯ್ಯನ ತಲೆ ಹೋಗುತ್ತದೆ. ಕೇಳ್ರಪ್ಪೋ!"

ಡಂಗುರದವನು ಇಬ್ಬನಿಕೋಟೆಯ ಬೀದಿಗಳಲ್ಲಿ ಸಾರಿಕೊಂಡು ಹೋದ. ಅರಮನೆಯ ಕಾರು ತೊಳೆಯುವ ಚೌಡ ಅದನ್ನು ಕೇಳಿ ಬಾವಿಕಟ್ಟೆಯ ಮೇಲೆ ಕುಸಿದು ಕೂತ. ತಮ್ಮಯ್ಯ ಅವನ ಸೋದರಮಾವ. ತಾಯಿ ತಂದೆ ಇಲ್ಲದವನನ್ನು ಎತ್ತಿ ಆಡಿಸಿ ಸಾಕಿದವನು.

ಆಗಿದ್ದು ಇಷ್ಟು. ಆಯುಧಪೂಜೆಯ ಬೆಳಿಗ್ಗೆ ಊರೆಲ್ಲ ಅರಮನೆಯ ಮುಂದೆ ನೆರೆದಿತ್ತು. ಕಾರಿಗೆ ಚೆಂಡುಹೂವಿನ ಹಾರ, ಚಕ್ರಗಳ ಮುಂದೆ ನಿಂಬೆಹಣ್ಣು. ದೊರೆ ಸೋಮರಾಜರು ಮೀಸೆ ತಿರುವಿಕೊಂಡು ಹಿಂದಿನ ಸೀಟಿನಲ್ಲಿ ಕೂತರು. ತಮ್ಮಯ್ಯ ಬ್ರೇಕು ಬಿಟ್ಟು ಗೇರು ಹಾಕಿದ. ಕಾರು ಗುರುಗುಟ್ಟಿತು, ನಡುಗಿತು, ಅಷ್ಟೇ. ಒಂದು ನಿಂಬೆಹಣ್ಣೂ ಒಡೆಯಲಿಲ್ಲ. ಅವನು ಹಿಂದಕ್ಕೆ ತೆಗೆಯಲು ಕೈಹಾಕಿದರೆ ದೊರೆ ಗದರಿದರು: "ಪೂಜೆಯ ದಿನ ಹಿಂದಕ್ಕೆ ಹೋಗ್ತೀಯೇನೋ!" ಗುಂಪಿನಲ್ಲಿ ಯಾರೋ ಕಿಸಕ್ಕೆಂದರು. ಸೋಮರಾಜರು ಕೆಟ್ಟವರಲ್ಲ, ಆದರೆ ಅವಮಾನವಾದರೆ ವಿವೇಕಕ್ಕೆ ರಜೆ ಕೊಡುವ ಪೈಕಿ. ಇದು ದ್ರೋಹವೇ ಸರಿ ಎಂದು ತಮ್ಮಯ್ಯನನ್ನು ಸೆರೆಮನೆಗೆ ತಳ್ಳಿಸಿದರು.

ಚೌಡ ಬುತ್ತಿ ಕೊಡುವ ನೆಪದಲ್ಲಿ ಸೆರೆಮನೆಗೆ ಹೋದ. ತಮ್ಮಯ್ಯ ಕಂಬಿಯ ಹತ್ತಿರ ಬಂದು ಮೆಲ್ಲಗೆ ಕೇಳಿದ:

"ತೊಳೆದ ಮೇಲೆ ಹ್ಯಾಂಡ್ ಬ್ರೇಕು ಎಳೆದಿದ್ಯೇನೋ?"

ಚೌಡ ಹೌದೆಂದು ತಲೆಯಾಡಿಸಿದ.

"ಒದ್ದೆ ಚಕ್ರಕ್ಕೆ ಕಲ್ಲು ಕೊಡು, ಬ್ರೇಕು ಎಳೀಬೇಡ ಅಂತ ಎಷ್ಟು ಸಲ ಬಡ್ಕೊಂಡಿದೀನಿ." ತಮ್ಮಯ್ಯನ ದನಿಯಲ್ಲಿ ಕೋಪವಿರಲಿಲ್ಲ. "ಹೋಗ್ಲಿ ಬಿಡು. ಯಾರ ಹತ್ರಾನೂ ಬಾಯಿ ಬಿಡಬೇಡ. ನಾನು ಬದುಕೋವಷ್ಟು ಬದುಕಿದೀನಿ."

ಆ ಮಾತು ಚೌಡನ ಎದೆಯಲ್ಲಿ ಮುಳ್ಳಾಗಿ ನಿಂತಿತು. ಬಾಯಿ ಬಿಟ್ಟರೆ ತನ್ನ ತಲೆ, ಬಿಡದಿದ್ದರೆ ಮಾವನದು. ಅವನಿಗೆ ಭಯವಾಗಿತ್ತು, ಭಯಪಡುತ್ತಿದ್ದೇನಲ್ಲಾ ಎಂದು ನಾಚಿಕೆಯೂ ಆಗಿತ್ತು.

ಮರುದಿನ ಕಾರಿನ ಸುತ್ತಲೇ ಸಭೆ ಸೇರಿತು. ದೊರೆ ಒಗಟು ಹೇಳಿದರು: "ನಾಲ್ಕು ಜನ ಕಾವಲಿದ್ದರೂ ಹೆಜ್ಜೆಯ ಸದ್ದಿಲ್ಲದೆ ಒಳಗೆ ಬಂದವನು ಯಾರು? ಕೈಯಿಲ್ಲದೆ ನನ್ನ ಚಕ್ರ ಹಿಡಿದವನು ಯಾರು? ಅವರಿಬ್ಬರನ್ನೂ ಒಳಗೆ ಕರೆದ ದ್ರೋಹಿ ಯಾರು?"

ಆಸ್ಥಾನದ ಜೋಯಿಸರು ಮೊದಲು ಎದ್ದರು. ಬಂದವನು ಶನಿ, ಹಿಡಿದದ್ದು ಅವನ ದೃಷ್ಟಿ, ಕರೆದವನು ಪಕ್ಕದ ರಾಜ್ಯದ ಮಾಟಗಾರ. ಎಳ್ಳುಬತ್ತಿ ಹಚ್ಚಿದರು. ಕಾರು ಅಲುಗಲಿಲ್ಲ. ಭಟರು ಅವರ ರಟ್ಟೆ ಹಿಡಿದರು.

ಆಮೇಲೆ ಜಟ್ಟಿ ಮಲ್ಲಣ್ಣ ತೊಡೆ ತಟ್ಟಿಕೊಂಡು ಬಂದ. "ಬಂದೋನು ಕಳ್ಳ, ಹಿಡಿದಿದ್ದು ಅವನು ಒಳಗೆ ಸಿಗಿಸಿದ ಗೂಟ, ಕರೆದೋನು ತಮ್ಮಯ್ಯ!" ಎಂದು ಹೆಗಲು ಕೊಟ್ಟು ನೂಕಿದ. ಹಿಂದಿನ ಚಕ್ರಗಳು ಉರುಳದೆ ನೆಲವನ್ನು ಗೀರಿಕೊಂಡು ಬೆರಳಗಲ ಮಾತ್ರ ಜರುಗಿದವು. ಹುಡುಕಿದರೆ ಗೂಟ ಸಿಗಲಿಲ್ಲ. ಅವನನ್ನೂ ಎಳೆದೊಯ್ದರು. ಬಿಸಿಲು ಇಳಿಯುತ್ತಿತ್ತು. ಮೂರನೆಯವರು ಯಾರೂ ಏಳಲಿಲ್ಲ.

ಚೌಡ ಎದ್ದ. ಕಾರಿನ ಹತ್ತಿರ ಹೋಗಿ ಕೈಮುಗಿದ.

"ಬುದ್ಧೀ, ಸದ್ದಿಲ್ಲದೆ ಬಂದಿದ್ದು ನೀರು. ತೊಳೆದ ನೀರು ಚಕ್ರದೊಳಗೆ ಉಳೀತು, ಅದರ ಮೇಲೆ ನಮ್ಮೂರ ಇಬ್ಬನಿ. ಕೈಯಿಲ್ಲದೆ ಹಿಡಿದಿದ್ದು ತುಕ್ಕು. ಒಳಗೆ ಕಬ್ಬಿಣದ ಡ್ರಮ್ಮಿದೆ, ಬ್ರೇಕು ಎಳೆದರೆ ಪಟ್ಟಿ ಅದನ್ನ ಅಪ್ಪಿಕೊಳ್ತದೆ. ತ್ಯಾವದಲ್ಲಿ ಹಾಗೇ ಬಿಟ್ಟರೆ ನಡುವೆ ತುಕ್ಕು ಕಟ್ಟಿ ಎರಡೂ ಅಂಟಿಕೊಳ್ತವೆ. ಆಮೇಲೆ ಬ್ರೇಕು ಬಿಟ್ಟರೂ ಪಟ್ಟಿ ಬಿಡಲ್ಲ."

ಅವನು ಮರದ ಕೊಡತಿಯಿಂದ ಹಿಂದಿನ ಚಕ್ರಗಳ ಒಳಬದಿಗೆ ಹದವಾಗಿ ತಟ್ಟಿದ. ಆಮೇಲೆ ಸೀಟಿನಲ್ಲಿ ಕೂತು, ದೊರೆ ಬಾಯಿ ತೆರೆಯುವ ಮೊದಲೇ ಹಿಂದಕ್ಕೆ ಗೇರು ಹಾಕಿದ. ಟಕ್ ಎಂದು ಒಳಗೆ ಏನೋ ಬಿಟ್ಟುಕೊಂಡ ಸದ್ದಾಯಿತು. ಕಾರು ಹಿಂದಕ್ಕೆ ಸರಿದು ಮುಂದಕ್ಕೆ ಬಂತು. ನಿಂಬೆಹಣ್ಣು ಪಚ್ಚನೆ ಒಡೆದವು. ಜನ ಹೋ ಎಂದರು. ಚೌಡ ಮಾತ್ರ ಇಳಿದು ತಲೆ ತಗ್ಗಿಸಿ ನಿಂತ.

"ಮೂರನೆಯದು?" ದೊರೆ ಕೇಳಿದರು.

"ನಾನು ಬುದ್ಧಿ. ಬ್ರೇಕು ಎಳೆದೋನು ನಾನು."

ದೊರೆ ಕಾರಿನ ಹತ್ತಿರ ಬಂದರು.

"ಯಾಕೆ ಎಳೆದೆ?"

"ಅಂಗಳ ಇಳಿಜಾರು. ರಾಣಿಯವರು ಪೂಜೆಯ ಹಿಂದಿನ ಸಂಜೆಗೇ ನಿಂಬೆಹಣ್ಣು ಇಟ್ಟಿದ್ರು. ಕಾರು ಜಾರಿ ಮುಹೂರ್ತಕ್ಕೆ ಮುಂಚೆ ಒಡೆದುಬಿಟ್ರೆ ನಿಮಗೆ ಕೇಡಾದೀತು ಅಂತ, ಕಲ್ಲನ್ನು ನಂಬದೆ ಗಟ್ಟಿಯಾಗಿ ಎಳೆದೆ. ತೊಳೆದ ಮೇಲೆ ಒಂದು ಸುತ್ತು ಓಡಿಸಿ, ಬ್ರೇಕು ಒತ್ತಿ ಒತ್ತಿ ಒಣಗಿಸಬೇಕಿತ್ತು. ಆದರೆ ಪೂಜೆಗೆ ಮುಂಚೆ ಚಕ್ರ ಉರುಳಕೂಡದು ಅಂತ ಅಪ್ಪಣೆಯಾಗಿತ್ತು."

"ಆ ಅಪ್ಪಣೆ ಯಾರದ್ದು?"

ಚೌಡ ತಲೆಯೆತ್ತಿ ದೊರೆಯ ಮುಖ ನೋಡಿದ. ಅಪ್ಪಣೆ ತಮ್ಮದೇ ಎಂದು ಸೋಮರಾಜರಿಗೆ ನೆನಪಾಯಿತು. ಅವರು ಬಗ್ಗಿ ಒಡೆದ ನಿಂಬೆಹಣ್ಣೊಂದನ್ನು ಕೈಗೆತ್ತಿಕೊಂಡರು.

"ಬೇಡಿಕೋ" ಅಂದರು.

"ಮಾವನ್ನ ಬಿಟ್ಟುಬಿಡಿ. ಜೋಯಿಸರನ್ನೂ ಮಲ್ಲಣ್ಣನನ್ನೂ ಬಿಡಿ. ನನ್ನ ತಲೆ ನಿಮ್ಮದು."

"ನೀರನ್ನು ಕರೆದವರು ಇಬ್ಬರಾದರಲ್ಲಯ್ಯಾ. ಒಬ್ಬನ ತಲೆ ತೆಗೆದರೆ ಇನ್ನೊಬ್ಬನದನ್ನು ತೆಗೆಯುವವರು ಯಾರು?" ದೊರೆ ತಮ್ಮ ರುಮಾಲು ಬಿಚ್ಚಿ ಅವನ ತಲೆಗೆ ತಾವೇ ಸುತ್ತಿದರು. ಕಾರಿನ ಉಸ್ತುವಾರಿಯನ್ನೂ ಕೆರೆಯ ಕೆಳಗಿನ ಗದ್ದೆಯನ್ನೂ ಅವನಿಗೆ ಬರೆಸಿದರು. ಕಾರಿನ ವಿಷಯದಲ್ಲಿ ಅಪ್ಪಣೆ ಮಾಡುವ ಮೊದಲು ತಮ್ಮಯ್ಯನನ್ನು ಕೇಳುವುದೆಂದು ತಮಗೆ ತಾವೇ ದಂಡವನ್ನೂ ಹಾಕಿಕೊಂಡರು.

ತಮ್ಮಯ್ಯ ಸೆರೆಮನೆಯಿಂದ ಓಡೋಡಿ ಬಂದ. ರುಮಾಲನ್ನು ನೋಡಲಿಲ್ಲ, ಕಾರನ್ನೂ ನೋಡಲಿಲ್ಲ. ಮೊದಲು ಹುಡುಗನ ಕತ್ತು ಮುಟ್ಟಿ ಮುಟ್ಟಿ ನೋಡಿದ. ಆಮೇಲೆ ಕೆನ್ನೆಗೊಂದು ಬಾರಿಸಿದ.

"ಬಾಯಿ ಬಿಡಬೇಡ ಅಂದಿರಲಿಲ್ವೇನೋ!" ಅನ್ನುತ್ತಲೇ ಅವನನ್ನು ಅಪ್ಪಿಕೊಂಡು ಗೊಳೋ ಎಂದು ಅತ್ತ.