ಬಾಗಿಲಯ್ಯನ ಬೊಟ್ಟು

ಒಂದು ಗಾಜಿನ ತಟ್ಟೆ. ತಟ್ಟೆಯಲ್ಲಿ ಒಂದು ಜೀವಕೋಶ. ಕಣ್ಣಿಗೆ ಕಾಣದಷ್ಟು ಪುಟ್ಟದು. ಅದರೊಳಗೆ ಒಂದು ಸಂಸಾರ. ಅವರೆಲ್ಲ ಪ್ರೋಟೀನುಗಳು. ಹಣೆಗೆ ಬೊಟ್ಟಿದ್ದರೆ ಅವರ ಕೈ ಏಳುತ್ತೆ. ಬೊಟ್ಟು ಹೋದರೆ ಕೈ ಜೋತು ಬೀಳುತ್ತೆ.

ಬಾಗಿಲು ಕಾಯೋನು ಬಾಗಿಲಯ್ಯ. ಲ್ಯಾಬಿನ ಹೇಮಲತಕ್ಕ ಅವನಿಗೊಂದು ಹಸಿರು ದೀಪ ಕಟ್ಟಿದ್ದಳು. ಯಾಕೆ? ಅವನು ಏನು ಮಾಡ್ತಾನೆ ಅಂತ ಸೂಕ್ಷ್ಮದರ್ಶಕದಲ್ಲಿ ನೋಡೋಕೆ. ಅವನೊಬ್ಬನಿಗೇ ದೀಪ. ಉಳಿದವರಿಗೆ ಹೊಟ್ಟೆಕಿಚ್ಚೋ ಹೊಟ್ಟೆಕಿಚ್ಚು.

ಒಂದು ದಿನ ಬಾಗಿಲಯ್ಯನ ಬೊಟ್ಟು ಉದುರಿತು. ಕೈ ಜೋತು ಬಿತ್ತು. ಬಾಗಿಲು ಮುಚ್ಚಿತು. ಸಕ್ಕರೆ ಹೊರಗೇ ಉಳಿಯಿತು. ಒಳಗೆ ಎಲ್ಲರಿಗೂ ಹಸಿವು.

ಬಾಗಿಲಯ್ಯ ಸುರುಳಕ್ಕನ ಹತ್ತಿರ ಹೋದ.

"ಸುರುಳಕ್ಕ, ಸುರುಳಕ್ಕ, ನನಗೆ ಬೊಟ್ಟಿಡು. ಬೊಟ್ಟಿಟ್ಟರೆ ಕೈ ಏಳುತ್ತೆ. ಕೈ ಎದ್ದರೆ ಬಾಗಿಲು ತೆರೆಯುತ್ತೆ. ಬಾಗಿಲು ತೆರೆದರೆ ಸಕ್ಕರೆ ಬರುತ್ತೆ."

"ನಾನಿಡಲ್ಲ. ದೀಪ ನಿನಗೆ, ಕೆಲಸ ನನಗಾ? ನನ್ನ ಕೈಯೂ ಜೋತು ಬಿದ್ದಿದೆ. ಮಡಿಕಣ್ಣನ್ನ ಕೇಳು."

ಬಾಗಿಲಯ್ಯ ಮಡಿಕಣ್ಣನ ಹತ್ತಿರ ಹೋದ.

"ಮಡಿಕಣ್ಣ, ಮಡಿಕಣ್ಣ, ಸುರುಳಕ್ಕನಿಗೆ ಬೊಟ್ಟಿಡು. ಸುರುಳಕ್ಕ ನನಗಿಡ್ತಾಳೆ. ಬೊಟ್ಟಿಟ್ಟರೆ ಕೈ ಏಳುತ್ತೆ. ಕೈ ಎದ್ದರೆ ಬಾಗಿಲು ತೆರೆಯುತ್ತೆ. ಬಾಗಿಲು ತೆರೆದರೆ ಸಕ್ಕರೆ ಬರುತ್ತೆ."

"ನಾನಿಡಲ್ಲ. ಹೇಮಲತಕ್ಕ ನಿನ್ನನ್ನೇ ನೋಡ್ತಾಳೆ. ನನ್ನ ಕಡೆ ತಿರುಗಿಯೂ ನೋಡಲ್ಲ. ನನ್ನ ಕೈಯೂ ಜೋತು ಬಿದ್ದಿದೆ. ಗಂಟಜ್ಜೀನ ಕೇಳು."

ಗಂಟಜ್ಜಿ ಇರೋದು ಗೋಡೆಯಲ್ಲೇ. ಅರ್ಧ ಒಳಗೆ, ಅರ್ಧ ಹೊರಗೆ. ಸಕ್ಕರೆ ಬಂದಿದೆ ಅಂತ ಹೊರಗಿಂದ ಸುದ್ದಿ ತರೋ ನೆಂಟನ ಕೈ ಹಿಡಿದರೆ ಅವಳಿಗೆ ಬೊಟ್ಟು. ನೆಂಟ ಬಂದು ನಿಂತೇ ಇದ್ದ. ಅಜ್ಜಿ ಮಾತ್ರ ಮುಖ ಊದಿಸಿಕೊಂಡು ಕೂತಿದ್ದಳು.

"ಗಂಟಜ್ಜಿ, ಗಂಟಜ್ಜಿ, ನೆಂಟನ ಕೈ ಹಿಡಿ. ಮಡಿಕಣ್ಣನಿಗೆ ಬೊಟ್ಟಿಡು. ಮಡಿಕಣ್ಣ ಸುರುಳಕ್ಕನಿಗಿಡ್ತಾನೆ. ಸುರುಳಕ್ಕ ನನಗಿಡ್ತಾಳೆ. ಬೊಟ್ಟಿಟ್ಟರೆ ಕೈ ಏಳುತ್ತೆ. ಕೈ ಎದ್ದರೆ ಬಾಗಿಲು ತೆರೆಯುತ್ತೆ. ಬಾಗಿಲು ತೆರೆದರೆ ಸಕ್ಕರೆ ಬರುತ್ತೆ."

"ಹಿಡಿಯಲ್ಲ ಹೋಗೋ. ಬಂದ ನೆಂಟರನ್ನ ಮಾತಾಡಿಸೋಳು ನಾನು. ದೀಪ ಮಾತ್ರ ನಿನಗೆ. ನೋಡಿ ನೋಡಿ ನನ್ನ ಹೊಟ್ಟೆ ಉರಿದುಹೋಯ್ತು."

ಬಾಗಿಲಯ್ಯ ಮೆಲ್ಲಗೆ ಕೇಳಿದ. "ಅಜ್ಜಿ, ಅದು ಹೇಗಿದೆ?"

"ಯಾವುದೋ?"

"ಆ ದೀಪ. ಅಕ್ಕ ಅದನ್ನ ನನ್ನ ಬೆನ್ನಿಗೆ ಕಟ್ಟಿದ್ದಾಳೆ. ನಾನು ಒಂದು ಸಲವೂ ನೋಡಿಲ್ಲ."

ಅಜ್ಜಿ ಇಣುಕಿ ನೋಡಿದಳು. ಹೌದು, ದೀಪ ಬೆನ್ನಿಗೇ ಇತ್ತು.

"ಹಸಿರು ಕಣೋ. ಬಾಳೆ ಸುಳಿಯ ಹಾಗೆ ಎಳೇ ಹಸಿರು" ಅಂದಳು. "ಪಾಪ, ನಿನಗೇ ಕಾಣಲ್ವಲ್ಲ."

ಅಜ್ಜಿ ನೆಂಟನ ಕೈ ಹಿಡಿದಳು. ಅಜ್ಜಿಗೆ ಬೊಟ್ಟು ಬಂತು. ಅಜ್ಜಿ ಮಡಿಕಣ್ಣನಿಗೆ ಬೊಟ್ಟಿಟ್ಟಳು. ಮಡಿಕಣ್ಣ ಗೊಣಗುತ್ತಾ ಸುರುಳಕ್ಕನಿಗಿಟ್ಟ. ಸುರುಳಕ್ಕ ಬಾಗಿಲಯ್ಯನಿಗಿಟ್ಟಳು. ಬೊಟ್ಟಿಟ್ಟ ಕೂಡಲೇ ಕೈ ಎದ್ದಿತು. ಕೈ ಎದ್ದ ಕೂಡಲೇ ಬಾಗಿಲು ತೆರೆಯಿತು. ಬಾಗಿಲು ತೆರೆದ ಕೂಡಲೇ ಸಕ್ಕರೆ ಬಂತು. ಎಲ್ಲರೂ ಹೊಟ್ಟೆ ತುಂಬ ತಿಂದರು.

ತಿಂದ ಮೇಲೆ ಯಾರಿಗಾದರೂ ಮುನಿಸು ಉಳಿಯುತ್ತಾ? ಸುರುಳಕ್ಕನಿಗೆ ಉಳಿದಿತ್ತು.

"ನನಗೂ ಒಂದು ದೀಪ ಬೇಕು" ಅಂದಳು. ದಿನಾ ಅಂದಳು. ಅನ್ನುತ್ತಲೇ ದಿನಾ ಬಾಗಿಲಯ್ಯನ ಹಣೆಗೆ ಬೊಟ್ಟಿಟ್ಟಳು.