ಸ್ಟಾರ್ಟ್ ಅಂದವರ ಬೆರಳು

ಹೆಲ್ಮೆಟ್ ಪರೀಕ್ಷಿಸುವ ಲ್ಯಾಬಿನಲ್ಲಿ ನಾಲ್ಕು ಕ್ಯಾಮೆರಾ, ಒಂದೊಂದೂ ಸೆಕೆಂಡಿಗೆ ಸಾವಿರ ಚಿತ್ರ ಹಿಡಿಯುವಂಥದು. ಮೇಲಿಂದ ಬೀಳುವ ಕಬ್ಬಿಣದ ಗುಂಡನ್ನು ನೋಡುವ ಕ್ಯಾಮೆರಾ ಮೆಹರುನ್ನೀಸಾಳದು. ಗಲ್ಲದ ಪಟ್ಟಿಯನ್ನು ನೋಡುವುದು ಡೈರೆಕ್ಟರ್ ಪರಶಿವಮೂರ್ತಿಯವರದು. ಅದನ್ನು ಅವರು ಯಾರ ಕೈಗೂ ಕೊಡುತ್ತಿರಲಿಲ್ಲ. ಅವರು “ಸ್ಟಾರ್ಟ್” ಅಂದಾಗ ನಾಲ್ವರೂ ಬಟನ್ ಒತ್ತಬೇಕು.

ಅವತ್ತಿನ ಪರೀಕ್ಷೆಯಲ್ಲಿ ಎರಡೂ ಕ್ಯಾಮೆರಾಗಳ ಚಿತ್ರಗಳನ್ನು ಮೊದಲಿನಿಂದ ಎಣಿಸಿ ನೋಡಿದರೆ ಗುಂಡು ತಾಗುವ ಮೊದಲೇ ಪಟ್ಟಿ ಹರಿದಿತ್ತು.

“ನಾನು ಹೇಳೋ ಮೊದಲೇ ನೀನು ಒತ್ತಿದ್ದೀಯಮ್ಮ. ನಾಳೆಯಿಂದ ಬರಬೇಡ,” ಅಂದರು ಡೈರೆಕ್ಟರು ಮೆಹರುನ್ನೀಸಾಗೆ. ಅವಳನ್ನು ಕೆಲಸದಿಂದ ತೆಗೆಯುವ ಮೆಮೊ ಟೈಪಾಯಿತು.

ಅಟೆಂಡರ್ ಚೆಲುವಯ್ಯ ರಜಾದಿನಗಳಲ್ಲಿ ಮದುವೆ ವಿಡಿಯೊದವರಿಗೆ ಲೈಟ್ ಹಿಡಿಯುವವನು. “ಸಾರ್, ಇನ್ನೊಂದೇ ಸಲ ಮಾಡಿ. ನಡುವೆ ನಾನೊಂದು ಫ್ಲ್ಯಾಶ್ ಹೊಡೀತೀನಿ. ತಾಳಿ ಕಟ್ಟುವಾಗ ಫೋಟೊದವನ ಫ್ಲ್ಯಾಶ್ ಎರಡು ಕ್ಯಾಮೆರಾದ ವಿಡಿಯೊದಲ್ಲೂ ಬೆಳ್ಳಗೆ ಬಿದ್ದಿರುತ್ತೆ. ಅದನ್ನೇ ಗುರುತಿಟ್ಟು ನಾವು ಎರಡನ್ನೂ ಹೊಂದಿಸೋದು,” ಅಂದ.

ಡೈರೆಕ್ಟರು ನಕ್ಕು ಒಪ್ಪಿದರು. “ಸ್ಟಾ...ರ್ಟ್” ಅಂತ ಎಳೆದು ಹೇಳಿ, ಬಾಯಿ ಮುಚ್ಚಿ, ಆಮೇಲೆ ಬಟನ್ ಒತ್ತಿದರು. ಫ್ಲ್ಯಾಶ್ ಮಿಂಚಿತು. ಗುಂಡು ಬಿತ್ತು.

ನಾಲ್ಕರಲ್ಲೂ ಒಂದು ಬೆಳ್ಳನೆಯ ಚಿತ್ರ ಸಿಕ್ಕಿತು. ಅದಕ್ಕೆ ಮುಂಚಿನವನ್ನು ಎಣಿಸಿದರು. ಮೂರು ಕ್ಯಾಮೆರಾಗಳಲ್ಲಿ ಎರಡು ಸಾವಿರದ ಆಸುಪಾಸು. ಡೈರೆಕ್ಟರ ಕ್ಯಾಮೆರಾದಲ್ಲಿ ಸಾವಿರದ ಇನ್ನೂರು. ಅಂದರೆ ಅದೊಂದೇ ತಡವಾಗಿ ಶುರುವಾಗಿತ್ತು. ಬೆಳ್ಳನೆಯ ಚಿತ್ರದಿಂದ ಲೆಕ್ಕ ಹಿಡಿದರೆ, ಗುಂಡು ತಾಗಿದ ಮೇಲೆಯೇ ಪಟ್ಟಿ ಹರಿದಿತ್ತು.

ಡೈರೆಕ್ಟರು ಕನ್ನಡಕ ಒರೆಸಿಕೊಂಡು ಮತ್ತೆ ಎಣಿಸಿದರು. ಅಷ್ಟೇ ಬಂತು.

ಚೆಲುವಯ್ಯ ಮೆಮೊ ತಂದು ಮುಂದಿಟ್ಟ. “ಹೆಸರೊಂದು ಬದಲಾಯಿಸಿದರೆ ಸಾಕಾ ಸಾರ್, ಇಲ್ಲ ಪೂರ್ತಿ ಹೊಸದಾಗಿ ಟೈಪ್ ಮಾಡಿಸಲಾ?”