ಕಾಲ ಮೇಲಿನ ಕೂಸು

"ಗುರುಗಳೇ, ಕೇಳಿದವರಿಗೆ ಇಲ್ಲ ಅನ್ನುವುದು ಅಹಂಕಾರವಲ್ಲವೇ?"

ಕೇಳಿದವನು ಮಠದ ಶಿಷ್ಯ ಚನ್ನಮಲ್ಲ. ಅವನಿಗೆ ವಹಿಸಿದ ಕೆಲಸ ಒಂದೇ. ಕಣ್ಣು ಕಳೆದುಕೊಂಡಿದ್ದ ಮಠದ ಅಜ್ಜನ ಜೊತೆಗಿರುವುದು. ಅಜ್ಜನಿಗೆ ಇದ್ದಕ್ಕಿದ್ದಂತೆ ಎದ್ದು ಮೆಟ್ಟಿಲ ಬಾವಿಯ ಕಡೆ ನಡೆಯುವ ಚಾಳಿ ಇತ್ತು. ಆದರೆ ಅಡುಗೆಯವರು ಸೌದೆ ತಾ ಅನ್ನುತ್ತಿದ್ದರು, ಪೂಜೆಯವರು ಪತ್ರೆ ತಾ ಅನ್ನುತ್ತಿದ್ದರು. ಚನ್ನಮಲ್ಲ ಎಲ್ಲರಿಗೂ ಹೂಂ ಅನ್ನುತ್ತಿದ್ದ. ಈಗ ಗುರುಗಳೇ ಊಟದ ಎಲೆ ಹಚ್ಚಲು ಬಾ ಎಂದು ಕೂಗಿದ್ದರು, ಬಂದು ಮುತ್ತುಗದ ಎಲೆಗಳ ಮುಂದೆ ಕುಳಿತಿದ್ದ. ಅವನ ಬೆನ್ನು ಅಜ್ಜ ಕುಳಿತಿದ್ದ ಅಂಗಳಕ್ಕಿತ್ತು, ಗುರುಗಳ ಮುಖ ಅಂಗಳಕ್ಕಿತ್ತು.

"ಎಲೆ ಹಚ್ಚು. ಹಚ್ಚುತ್ತ ಕೇಳು," ಎಂದು ಗುರುಗಳು ಕತೆ ಹೇಳಿದರು.

ಒಬ್ಬ ಸಾಹುಕಾರನಿಗೆ ಬಹಳ ವರ್ಷದ ಮೇಲೆ ಒಂದು ಕೂಸು ಹುಟ್ಟಿತು. ಅದನ್ನು ನೋಡಿಕೊಳ್ಳಲು ಬಾಳವ್ವ ಎಂಬ ವಿಧವೆಯನ್ನು ಇಟ್ಟುಕೊಂಡರು. ಎಣ್ಣೆ ತಿಕ್ಕುವುದು, ಎರೆಯುವುದು, ಉಣಿಸುವುದು, ಮಲಗಿಸುವುದು. ಅಷ್ಟೇ ಮಾತಾಗಿತ್ತು. ಬಾಳವ್ವನಿಗೆ ಹಿಂದೆ ಮುಂದೆ ಯಾರೂ ಇರಲಿಲ್ಲ. ಆ ಮನೆ ಬಿಟ್ಟರೆ ತಲೆಯ ಮೇಲೆ ಸೂರಿಲ್ಲ.

ಸಾಹುಕಾರನ ಹೆಂಡತಿ ಕೆಟ್ಟವಳಲ್ಲ. ಕೆಟ್ಟವಳಾಗಿದ್ದರೆ ಎಷ್ಟೋ ಸುಲಭವಿತ್ತು, ಬೈಯುವವರಿಗೆ ಎದುರಾಡಬಹುದು. ಇವಳು ನಗುತ್ತ ಕೇಳುವವಳು. ಒಂದು ದಿನ ಕೂಸು ಮಲಗಿದ್ದಾಗ, "ಬಾಳವ್ವ, ಅಕ್ಕಿ ಒಂಚೂರು ಆರಿಸಿಕೊಡ. ನೀ ನಮ್ಮ ಮನಿಯಾಕೀನ ಅಲ್ಲೇನು?" ಎಂದಳು. ಬಾಳವ್ವನ ಎದೆ ತುಂಬಿತು. ಮನೆಯವಳು ಎಂದು ಅವಳನ್ನು ಯಾರಾದರೂ ಕರೆದು ಬಹಳ ಕಾಲವಾಗಿತ್ತು. ಅಕ್ಕಿ ಆರಿಸಿದಳು. ಆಮೇಲೆ ಬಟ್ಟೆ ಮಡಚುವುದು ಬಂತು, ಯಜಮಾನಿಯ ಅತ್ತೆಯ ಕಾಲು ಒತ್ತುವುದು ಬಂತು. ಮೊದಮೊದಲು ಕೂಸು ಮಲಗಿದಾಗ ಕರೆಯುತ್ತಿದ್ದವಳು ಬರಬರುತ್ತ ಎದ್ದಿದ್ದಾಗಲೂ ಕರೆದಳು. ಬಾಳವ್ವನಿಗೆ ಇರಿಸುಮುರಿಸಾಗುತ್ತಿತ್ತು, ಬಾಯಿ ಮಾತ್ರ ಬರುತ್ತಿರಲಿಲ್ಲ. ಇಲ್ಲ ಅಂದರೆ ಆ ನಗು ಹೋದೀತು, ನಗುವಿನ ಹಿಂದೆ ಮನೆಯೂ ಹೋದೀತು ಎಂದು ಹೆದರಿದ್ದಳು.

ಕೂಸಿಗೆ ಎರೆಯುವ ರೀತಿ ನಿನಗೆ ಗೊತ್ತಿದೆ. ಎರೆಯುವವಳು ಬಚ್ಚಲಲ್ಲಿ ಮಣೆಯ ಮೇಲೆ ಕುಳಿತು ಎರಡೂ ಕಾಲು ನೀಡುತ್ತಾಳೆ. ಎಣ್ಣೆ ಹಚ್ಚಿದ ಕೂಸನ್ನು ಆ ಕಾಲ ಮೇಲೆ ಮಲಗಿಸುತ್ತಾಳೆ. ಒಮ್ಮೆ ಮಲಗಿಸಿದ ಮೇಲೆ, ಒರೆಸಿ ಬಟ್ಟೆಯಲ್ಲಿ ಸುತ್ತುವ ತನಕ ಏಳುವ ಹಾಗಿಲ್ಲ. ಎಣ್ಣೆಯ ಮೈ ಕೈಗೆ ನಿಲ್ಲುವುದಿಲ್ಲ, ಪಕ್ಕದಲ್ಲೇ ಹಂಡೆ ಕುದಿಯುತ್ತಿರುತ್ತದೆ.

ಒಂದು ಬೆಳಿಗ್ಗೆ ಸಾಹುಕಾರನ ತಂಗಿಯನ್ನು ನೋಡಲು ಗಂಡಿನ ಕಡೆಯವರು ಬಂದಿದ್ದರು. ಬಾಳವ್ವ ಬಚ್ಚಲಲ್ಲಿದ್ದಳು, ಕೂಸು ಕಾಲ ಮೇಲಿತ್ತು. ಅಡುಗೆಮನೆಯಿಂದ ಯಜಮಾನಿ ಕೂಗಿದಳು: "ಬಾಳವ್ವ, ಹೋಳಿಗಿ ಹೊತ್ತಾಕತ್ತಾವ, ಒಂದ್ ಗಳಿಗಿ ಬಾ!"

ಬಾಳವ್ವ ಕೂಸನ್ನು ನೆಲದ ಮೇಲೆ ಬಟ್ಟೆ ಹಾಸಿ ಬಿಟ್ಟು ಹೋದಳು. ಹೋಳಿಗೆ ತಿರುವಿ ಹಾಕಿದಳು. ಹಾಗೇ ಬಂದವರಿಗೆ ನೀರೂ ಕೊಟ್ಟುಬಿಡು ಎಂದರು. ನೀರು ಕೊಡುವಾಗ, ಅಷ್ಟು ಹೊತ್ತು ಬಚ್ಚಲಿನಿಂದ ಕೇಳುತ್ತಿದ್ದ ಕೂಸಿನ ಸದ್ದು ನಿಂತಿತು. ಬಾಳವ್ವ ತಂಬಿಗೆ ಅಲ್ಲೇ ಬಿಟ್ಟು ಓಡಿದಳು. ಅವಳು ಹೊಸ್ತಿಲು ದಾಟುವ ಮೊದಲೇ ಕೂಸು ಕಿರುಚಿತು. ಅಂಬೆಗಾಲಲ್ಲಿ ಹೋಗಿ ಹಂಡೆ ಹಿಡಿದಿತ್ತು. ಎತ್ತಿಕೊಂಡು ನೋಡಿದರೆ ಅಂಗೈ ತುಂಬ ಬೊಬ್ಬೆ.

ಯಜಮಾನಿ ಓಡಿ ಬಂದು ಕೂಸನ್ನು ಕಸಿದುಕೊಂಡಳು. "ಎಣ್ಣಿ ಹಚ್ಚಿದ ಕೂಸು ಬಿಟ್ಟು ಯಾಕ ಬಂದಿ?"

ಕರೆದವಳೇ ಹಾಗೆ ಕೇಳಿದಳು. ಯಾರು ಕೇಳಿದರೇನು, ಪ್ರಶ್ನೆ ಸರಿಯಾಗಿಯೇ ಇತ್ತು.

ಅವಳನ್ನು ಕೆಲಸದಿಂದ ಬಿಡಿಸಲಿಲ್ಲ. ಕೂಸು ಬೇರೆಯವರ ಹತ್ತಿರ ಸುಮ್ಮನಿರುತ್ತಿರಲಿಲ್ಲ. ಅಂಗೈ ಮಾಯಿತು, ಕಲೆ ಉಳಿಯಿತು. ಮನೆಯವರು ಮರೆತರು. ಮತ್ತೊಂದು ದಿನ ಎರೆಯುವ ಹೊತ್ತಿಗೇ ಯಜಮಾನಿಯ ದನಿ ಬಂತು, ಅತ್ತೆಯವರಿಗೆ ಕಷಾಯ ಕೊಟ್ಟು ಹೋಗು ಎಂದು.

ಬಾಳವ್ವ ಕೂಸಿನ ಮೇಲಿಂದ ಕೈ ತೆಗೆಯದೆ ಹೇಳಿದಳು: "ಕೂಸು ಕಾಲ ಮ್ಯಾಲ ಐತ್ರಿ, ಅವ್ವಾರ. ನೀವು ಬಂದು ಕೂತು ಹಿಡಕೊಂಡ್ರ ಬರ್ತೀನಿ. ಇಲ್ಲಂದ್ರ ಏಳೂದಿಲ್ಲ."

ಯಜಮಾನಿ ಬಚ್ಚಲ ಬಾಗಿಲಿಗೆ ಬಂದು ನಿಂತಳು. ಮುಖದಲ್ಲಿ ನಗು ಇರಲಿಲ್ಲ. "ಇಷ್ಟು ದಿನ ಇಲ್ಲದ್ದು ಇದೇನು ಹೊಸಾದು? ಗಂಟು ಕಟ್ಟಬೇಕಂತ ಮಾಡಿಯೇನು?"

ಬಾಳವ್ವನಿಗೆ ಬೀದಿ ಕಣ್ಣ ಮುಂದೆ ಬಂತು. ಕೂಸಿನ ಅಂಗೈ ಕೂಡ ಕಣ್ಣ ಮುಂದೆಯೇ ಇತ್ತು. ಅವಳು ಏಳಲಿಲ್ಲ. ಕುಳಿತಲ್ಲೇ ಕೈ ಚಾಚಿ ಇನ್ನೊಂದು ಮಣೆ ಎಳೆದಿಟ್ಟಳು.

ಯಜಮಾನಿ ಸಿಟ್ಟಿನಲ್ಲೇ ಕುಳಿತು ಕಾಲು ನೀಡಿದಳು. ಬಾಳವ್ವ ಕೂಸನ್ನು ಅವಳ ಕಾಲ ಮೇಲೆ ಮಲಗಿಸಿದಳು. ಕೂಸು ಸರ್ರನೆ ಜಾರಿತು. ಯಜಮಾನಿ ಗಾಬರಿಯಾಗಿ ಎರಡೂ ಕೈಯಲ್ಲಿ ಬಾಚಿ ಹಿಡಿದಳು. ಬಾಳವ್ವ ಇನ್ನೂ ಬಾಗಿಲು ದಾಟಿರಲಿಲ್ಲ, ಒಳಗಿನಿಂದ ಅತ್ತೆ ಸೊಸೆಯನ್ನು ಕರೆದರು, ಕಷಾಯ ಎಲ್ಲಿ, ಒಂದು ಗಳಿಗೆ ಬಂದು ಹೋಗು ಎಂದು.

"ಹೆಂಗ ಬರ್ಲಿ, ಅತ್ತಿ? ಕೂಸು ಕಾಲ ಮ್ಯಾಲ ಐತಿ!" ಎಂದು ಯಜಮಾನಿ ಚೀರಿದಳು.

ಚೀರಿದ ಮೇಲೆ ತನ್ನ ಮಾತು ತನಗೇ ಕೇಳಿಸಿತು. ಬಾಳವ್ವನ ಮುಖ ನೋಡಿದಳು, ತಲೆ ತಗ್ಗಿಸಿದಳು. ಅಂದಿನಿಂದ ಆ ಮನೆಯಲ್ಲಿ ಯಾರೂ ಬಚ್ಚಲ ಕಡೆ ಮುಖ ಮಾಡಿ ಬಾಳವ್ವನನ್ನು ಕೂಗಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಚನ್ನಮಲ್ಲನಿಗೆ ನಿರಾಳವಾಯಿತು. ನಕ್ಕು, "ಹಾಗಾದರೆ ಇಲ್ಲ ಅನ್ನುವುದರಲ್ಲಿ ತಪ್ಪಿಲ್ಲ," ಎನ್ನುತ್ತ ಇನ್ನೊಂದು ಎಲೆಗೆ ಕಡ್ಡಿ ಚುಚ್ಚಿದ.

ಗುರುಗಳು ಅವನ ಬೆನ್ನ ಹಿಂದಿನ ಅಂಗಳವನ್ನೇ ನೋಡುತ್ತ ಕೇಳಿದರು:

"ನಾನು ಕರೆದಾಗ ಅಜ್ಜನನ್ನು ಯಾರ ಕೈಗೆ ಕೊಟ್ಟು ಬಂದೆ?"